ಚಿಲಕಕ್ಕೆ ಸುತ್ತಿದ ಬಳ್ಳಿ

ಆಗಸ್ಟ್ ೪, ಭಾನುವಾರ
ನೂಲಿನ ಗಿರಣಿ ಹಾಸ್ಟೆಲ್, ಮೂರನೇ ಕೋಣೆ

ಅಮ್ಮನಿಗೆ,

ನೀನು ಹೇಳಿದ್ದು: ದಿನಕ್ಕೆ ಎಂಟು ಗಂಟೆ ಕೆಲಸ. ಇಲ್ಲಿರುವುದು: ಹನ್ನೆರಡು.

ನೀನು ಹೇಳಿದ್ದು: ಸಂಜೆ ಹೊಲಿಗೆ ಕಲಿಸುತ್ತಾರೆ. ಇಲ್ಲಿರುವುದು: ಹೊಲಿಗೆ ಯಂತ್ರ ಒಂದಿದೆ. ಅದರ ಮೇಲೆ ವಾರ್ಡನ್ ತಮ್ಮ ಬಟ್ಟೆ ಒಣಹಾಕುತ್ತಾರೆ.

ನೀನು ಹೇಳಿದ್ದು: ದೊಡ್ಡ ದೊಡ್ಡ ಕಿಟಕಿ, ಒಳ್ಳೆ ಗಾಳಿ. ಇಲ್ಲಿರುವುದು: ಕಿಟಕಿ ದೊಡ್ಡವೇ. ಗಾಳಿ ಬಂದರೆ ನೂಲು ತುಂಡಾಗುತ್ತದೆಂದು ಎಲ್ಲಕ್ಕೂ ಮೊಳೆ ಹೊಡೆದಿದ್ದಾರೆ.

ನೀನು ಹೇಳಿದ್ದು: ಮೂರು ತಿಂಗಳಿಗೊಮ್ಮೆ ಮನೆಗೆ ಕಳಿಸುತ್ತಾರೆ. ಇಲ್ಲಿರುವುದು: ಹದಿನಾಲ್ಕು ತಿಂಗಳಾಯಿತು. ಗೇಟಿನಾಚೆ ಕಾಲಿಟ್ಟಿಲ್ಲ. ಕರಾರು ಮೂರು ವರ್ಷದ್ದು, ಕೆಳಗೆ ಸಹಿ ನಿನ್ನದು.

ನೀನು ಹೇಳಿದ್ದು: ತಿಂಗಳ ಮೊದಲ ಭಾನುವಾರ ಭೇಟಿಗೆ ತಪ್ಪದೆ ಬರುತ್ತೇನೆ. ಇಲ್ಲಿರುವುದು: ಒಂದು ಸಲವೂ ಬರಲಿಲ್ಲ. ಮುಂಬಾಗಿಲ ಗೇಟಿಗೆ ಇಪ್ಪತ್ತೆರಡು ಕಂಬಿಗಳಿವೆ. ಎಣಿಸಲು ನನಗೆ ಪುರುಸೊತ್ತು ಸಿಕ್ಕಿದೆ.

ಕಳೆದ ತಿಂಗಳು ರೇಡಿಯೋ ತನ್ನಪ್ಪನಿಗೆ ಹಾಸ್ಟೆಲ್ಲಿನ ದೂರು ಬರೆದಳು. (ರೇಡಿಯೋ ನನ್ನ ಪಕ್ಕದ ಮಂಚದವಳು. ನಿದ್ದೆಯಲ್ಲೂ ಆಫ್ ಆಗುವುದಿಲ್ಲ.) ವಾರ್ಡನ್ ಅದನ್ನು ಅವಳೆದುರೇ ಹರಿದರು. ಇಲ್ಲಿಂದ ಹೋಗುವ, ಇಲ್ಲಿಗೆ ಬರುವ ಪತ್ರಗಳನ್ನೆಲ್ಲ ಅವರು ಓದುತ್ತಾರೆ. ಗಿರಣಿಯನ್ನು ಬೈದರೆ ಹರಿಯುತ್ತಾರೆ, ಹೆತ್ತವಳನ್ನು ಬೈದರೆ ಅಂಚೆಗೆ ಹಾಕುತ್ತಾರೆ. ಹಾಗಾಗಿ ನಿನ್ನನ್ನೇ ಬೈಯುತ್ತಿದ್ದೇನೆ. ಇದರಲ್ಲಿ ನಿನ್ನ ಪಾಲೆಷ್ಟು, ಅವರ ಪಾಲೆಷ್ಟು, ನೀನೇ ಹಂಚಿಕೋ. ಕೊನೆಯದು ಮಾತ್ರ ಪೂರ್ತಿ ನಿನ್ನದು.

ಇನ್ನೊಂದು ವಿಷಯ. ಬಚ್ಚಲ ಹಿಂದಿನ ಚರಂಡಿ ಪಕ್ಕ ಒಂದಿಷ್ಟು ಕಳೆ ಬೆಳೆದಿದೆ. ಒಣಗಿಡಗಳ ಹಾಳೆ ನಡುವೆ ಬೆಳೆದವಳು ನಾನು, ಒಂದಕ್ಕೂ ಹೆಸರು ಹೇಳಲಾರೆ. ಮಗ್ಗುಲಲ್ಲಿ ಬಾವಿ ಇಟ್ಟುಕೊಂಡು ಬಾಯಾರಿದ ಕಥೆ. ಕಣ್ಣು ಮುಚ್ಚಿದರೆ ತಲೆಯಲ್ಲಿ ನೂಲು ಸುತ್ತುವ ಬಾಬಿನ್ ತಿರುಗುತ್ತದೆ. ಬೇರೆ ಏನಾದರೂ ತಿರುಗಬೇಕು, ಇಲ್ಲದಿದ್ದರೆ ತಲೆ ಕೆಡುತ್ತದೆ. ಗಿಡ ಗುರುತಿಸುವುದು ಹೇಗೆಂದು ಕಲಿಸು. ಗಿಡದ ಮಾತಿಗೆ ಯಾರೂ ಕತ್ತರಿ ಹಾಕಲಾರರು.

ನಿನ್ನ,
ಮೊಂಡಿ

•

ಆಗಸ್ಟ್ ೧೨
ಕಾಲೇಜಿನ ಸಸ್ಯಭಂಡಾರ

ಮೊಂಡಿಗೆ,

ಪಟ್ಟಿ ಓದಿದೆ. ಎರಡು ಸಲ ಓದಿದೆ. ಅದಕ್ಕೆ ಈಗ ಉತ್ತರ ಕೊಡಲಾರೆ. ಗಿಡದ ಪ್ರಶ್ನೆಗೆ ಕೊಡುತ್ತೇನೆ.

ಇಪ್ಪತ್ತಾರು ವರ್ಷದಿಂದ ಇಲ್ಲಿ ನನ್ನ ಹುದ್ದೆಯ ಹೆಸರು ದಿನಗೂಲಿ. ಮೇಷ್ಟ್ರುಗಳು ಕಿತ್ತು ತಂದ ಗಿಡವನ್ನು ಒತ್ತಿ, ಒಣಗಿಸಿ, ಹಾಳೆಗೆ ಹೊಲಿಯುವುದು ನನ್ನ ಕೆಲಸ. ಹಾಳೆಯ ಮೂಲೆಯಲ್ಲಿ ಅವರ ಹೆಸರು, ಹೊಲಿಗೆ ಮಾತ್ರ ನನ್ನದು. ಹೊಲಿಯುತ್ತಾ ಹೊಲಿಯುತ್ತಾ ಕಲಿತದ್ದು ಇಷ್ಟು: ಎಲ್ಲಾ ಗಿಡ ಕಲಿಯಲು ಹೋದವನು ಒಂದೂ ಕಲಿಯುವುದಿಲ್ಲ. ಒಂದು ಮನೆತನ ಹಿಡಿ. ಬಟಾಣಿ ಮನೆತನ ಹಿಡಿ.

ಯಾಕೆ ಅದೇ ಎಂದರೆ, ಗೊಬ್ಬರ ಹಾಕುವವರಿಲ್ಲದ ಕೆಟ್ಟ ಮಣ್ಣಿಗೆ, ಗೋಡೆ ಸಂದಿಗೆ, ಕಲ್ಲುಪುಡಿಗೆ ಮೊದಲು ಬರುವವರು ಅವರು. ಬೇರಿನ ಪುಟ್ಟ ಗಂಟುಗಳಲ್ಲಿ ತಮ್ಮ ಗೊಬ್ಬರ ತಾವೇ ಮಾಡಿಕೊಳ್ಳುತ್ತಾರೆ. ನಾವೂ ಮಾಡುತ್ತೇವೆ. ನಮ್ಮದನ್ನು ಬೇರೆಯವರು ಹೊತ್ತೊಯ್ಯುತ್ತಾರೆ, ಅಷ್ಟೇ ವ್ಯತ್ಯಾಸ.

ಮೊದಲು ಹೂವು ನೋಡು. ಬಟಾಣಿ ಹೂವಿಗೆ ಐದು ಎಸಳು. ಮೇಲೆ ಎತ್ತಿ ಹಿಡಿದ ದೊಡ್ಡದು ಬಾವುಟ. ಅಕ್ಕಪಕ್ಕದ ಎರಡು ರೆಕ್ಕೆ. ಕೆಳಗಿನ ಎರಡು ಅಂಟಿಕೊಂಡು ದೋಣಿ. ದೋಣಿಯೊಳಗೆ ಕೇಸರಗಳು ಅಡಗಿ ಕೂತಿರುತ್ತವೆ. ಹೂವಿಲ್ಲದಿದ್ದರೆ ಕಾಯಿ ನೋಡು. ಎರಡು ಹೋಳಾಗಿ ಬಿರಿಯುವ ಕೋಡು, ಬೀಜಗಳು ಒಂದೇ ಅಂಚಿಗೆ ಸಾಲಾಗಿ. ಕಾಯಿಯೂ ಇಲ್ಲದಿದ್ದರೆ ಎಲೆ. ಒಂದೇ ತೊಟ್ಟಿಗೆ ಮೂರು ಅಥವಾ ಹತ್ತು ಕಿರುಎಲೆ, ತೊಟ್ಟಿನ ಬುಡದಲ್ಲಿ ಕೀಲು ಕೂಡಿಸಿದಂಥ ಉಬ್ಬು. ಆದರೆ ಬರೀ ಎಲೆ ನೋಡಿ ಯಾವತ್ತೂ ಹೆಸರು ಹೇಳಬೇಡ. ಚಪ್ಪಲಿ ನೋಡಿ ಮನುಷ್ಯರ ಹೆಸರು ಹೇಳಿದ ಹಾಗಾಗುತ್ತದೆ.

ಹಳೇ ಶಿಫ್ಟ್ ಚಾರ್ಟಿನ ನಡುವೆ ಗಿಡ ಇಟ್ಟು ಹಾಸಿಗೆ ಕೆಳಗೆ ಒತ್ತು. ಪ್ರತಿಯೊಂದಕ್ಕೂ ಚೀಟಿ ಬರೆ: ಎಲ್ಲಿ, ಯಾವ ದಿನ, ಯಾವ ಹೊತ್ತು, ಅಕ್ಕಪಕ್ಕ ಏನಿತ್ತು, ಕಿತ್ತವರು ಯಾರು. ಚೀಟಿ ಇಲ್ಲದ ಗಿಡ ದನದ ಮೇವು. ಚೀಟಿ ಇದ್ದರೆ ಅದು ಸಾಕ್ಷಿ.

ಅಮ್ಮ

•

ಸೆಪ್ಟೆಂಬರ್ ೧, ಭಾನುವಾರ
ಹಾಸ್ಟೆಲ್

ಅಮ್ಮನಿಗೆ,

ನಾಲ್ಕು ಗಿಡ ಕಳಿಸಿದ್ದೇನೆ. ಚೀಟಿಗಳನ್ನು ಇಲ್ಲೇ ಬರೆಯುತ್ತೇನೆ, ತಪ್ಪಿದ್ದರೆ ಕಿವಿ ಹಿಂಡು.

ಒಂದನೆಯದು. ಬಚ್ಚಲ ಚರಂಡಿ ಪಕ್ಕ, ಬೆಳಿಗ್ಗೆ ಆರು. ಮುಟ್ಟಿದರೆ ಮುನಿ. ಇದು ನಮ್ಮ ಮನೆತನದ್ದಲ್ಲ ಎಂದುಕೊಂಡಿದ್ದೆ. ಹೂವಿಗೆ ಬಾವುಟವಿಲ್ಲ, ದೋಣಿಯಿಲ್ಲ, ಪೌಡರ್ ಹಚ್ಚುವ ಪಫ್ ಇದ್ದ ಹಾಗಿದೆ. ಆಮೇಲೆ ಕಾಯಿ ನೋಡಿದೆ, ಸಾಲಾಗಿ ಬೀಜ. ಬುಡದಲ್ಲಿ ಕೀಲೂ ಇದೆ. ನೆಂಟರೇ. ನಾನೇ ಕಂಡುಹಿಡಿದೆ, ಯಾರನ್ನೂ ಕೇಳಲಿಲ್ಲ.

ಎರಡನೆಯದು. ಊಟದ ಮನೆಯ ಮೆಟ್ಟಿಲ ಸಂದಿ, ಮಧ್ಯಾಹ್ನ. ಮೂರು ಎಲೆ. ಬಟಾಣಿ ಮನೆತನವೇ ಎಂದು ಎದೆ ತಟ್ಟಿಕೊಂಡು ರೇಡಿಯೋಗೆ ಪಾಠ ಮಾಡಿದೆ. ಅವಳು ಕಿತ್ತು ಬಾಯಿಗೆ ಹಾಕಿಕೊಂಡಳು. "ಹುಳಿ ಕಣೇ. ಬಟಾಣಿ ಯಾವತ್ತು ಹುಳಿ ಇತ್ತು?" ನನ್ನ ಮಾನ ಹೋಯಿತು. ಕಾಯಿ ಹುಡುಕಿದರೆ ನೆಟ್ಟಗೆ ಕೂತ ಪುಟ್ಟ ಗೂಟದ ಹಾಗಿದೆ, ಕೋಡಲ್ಲ. ಮೂರೆಲೆ ಇದ್ದವರೆಲ್ಲ ನೆಂಟರಲ್ಲ.

ಮೂರನೆಯದು. ಚಪ್ಪಟೆ ತುಣುಕು ತುಣುಕಾಗಿ ಮುರಿಯುವ ಅಂಟುಕಾಯಿ. ಸಿಕ್ಕ ಜಾಗ: ವಾರ್ಡನ್ ಬಟ್ಟೆಯ ಅಂಚು. ಸಂಜೆ ಹಾಜರಿ ಕರೆಯುವಾಗ ಬಗ್ಗಿ ಬಿಡಿಸಿಕೊಂಡೆ. "ಏನೇ ಅದು, ನನ್ನ ಕಾಲ ಹತ್ರ?" ಎಂದರು. "ಬಟಾಣಿ ನೆಂಟರು ಮೇಡಂ" ಎಂದೆ. ಈ ಕಾಯಿ ನಮ್ಮ ಯಾರ ಬಟ್ಟೆಯಲ್ಲೂ ಇಲ್ಲ. ಬೀದಿ ತುಳಿದವರ ಬಟ್ಟೆಗೆ ಮಾತ್ರ ಹತ್ತುತ್ತದೆ. ವಾರ್ಡನ್ನಿಗೂ ಭಾನುವಾರ ಒಂದು ಗಂಟೆ ಅಷ್ಟೇ ಬಿಡುವು. ಅವರು ಮಲಗುವುದೂ ಇದೇ ಬೀಗದ ಒಳಗೆ.

ನಾಲ್ಕನೆಯದು. ಗಿರಣಿಯ ಹಿಂಬಾಗಿಲು, ಬೆಂಕಿ ಬಿದ್ದಾಗ ಓಡಲು ಇರುವುದು. ಹತ್ತಿ ಬಿಚ್ಚುವ ಕೋಣೆಯಿಂದ ಹನ್ನೊಂದು ಹೆಜ್ಜೆ. ಊಟದ ಬಿಡುವಿನಲ್ಲಿ ಕಿತ್ತದ್ದು. ಬಾಗಿಲ ಮುಂದಿನ ಚಾವಣಿಯಿಲ್ಲದ ಇಕ್ಕಟ್ಟು ಸಂದಿಯಲ್ಲಿ, ಒಳಮಗ್ಗುಲಿಂದಲೇ ಗೋಡೆ ಹತ್ತಿ ಬಂದ ಬಳ್ಳಿ ಬಾಗಿಲ ಚಿಲಕಕ್ಕೆ ಸುತ್ತಿಕೊಂಡಿದೆ. ಮೂರೆಲೆ, ದೊಡ್ಡವು, ಅಡಿಯಲ್ಲಿ ನುಣುಪು ರೋಮ, ಪಕ್ಕದೆಲೆಗಳು ಒಂದು ಕಡೆ ವಾಲಿವೆ. ಹೂವಿಲ್ಲ. ಹಸಿರೆಲೆ ನಡುವೆ ಹಳೇ ಒಣಕಾಯಿ ನೇತಾಡುತ್ತಿವೆ. ಚಪ್ಪಟೆ, ಬೀಜ ಬೀಜದ ನಡುವೆ ಚಿವುಟಿದ ಹಾಗೆ, ಮೈತುಂಬ ಕಂದು ರೋಮ. ಕಾಯಿ ಕೀಳಲು ಕೈ ಎಟುಕಲಿಲ್ಲ, ಎಲೆ ಮಾತ್ರ ಕಳಿಸಿದ್ದೇನೆ. ಇದು ಯಾರು?

ಇವತ್ತೂ ಮೊದಲ ಭಾನುವಾರ. ಗೇಟಿನ ಹತ್ತಿರ ಹೋಗಿ ನಿಲ್ಲಲಿಲ್ಲ. ಒಳಗೇ ಕೂತು ಗಿಡ ಒತ್ತಿದೆ.

ಮೊಂಡಿ

•

ಸೆಪ್ಟೆಂಬರ್ ೯
ಸಸ್ಯಭಂಡಾರ

ಮೊಂಡಿಗೆ,

ಮುಟ್ಟಿದರೆ ಮುನಿಗೆ ನೂರಕ್ಕೆ ನೂರು. ಹುಳಿಸೊಪ್ಪಿಗೆ ಸೊನ್ನೆ, ಅದರ ನೂರು ಅಂಕ ರೇಡಿಯೋಗೆ.

ನಾಲ್ಕನೆಯದು ನಸುಗುನ್ನಿ. ತುರಿಕೆ ಬಳ್ಳಿ. ಆ ಕಂದು ರೋಮ ಮೈಗೆ ತಾಗಿದರೆ ಚರ್ಮ ಕಿತ್ತುಹೋಗುವ ಹಾಗೆ ತುರಿಸುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣಿಗೇ ಕುತ್ತು. ಒಂದೇ ಹಂಗಾಮಿನ ಬಳ್ಳಿ. ಹದಿನೈದು ದಿನದಲ್ಲಿ ಗೋಡೆ ಏರುತ್ತದೆ, ಕಾಯಿ ಬಿಟ್ಟು ತಾನೇ ಸಾಯುತ್ತದೆ. ಆ ಬಾಗಿಲ ಕಡೆ ಹೋಗಬೇಡ. ಮುಟ್ಟಬೇಡ. ಬೇರೆಯವರಿಗೂ ಹೇಳು.

ಅಮ್ಮ

•

ನವೆಂಬರ್ ೧೭
ಈ ಪತ್ರ ಅಂಚೆಯಲ್ಲಿ ಬರುವುದಿಲ್ಲ, ರೇಡಿಯೋ ಕೈಯ ಬ್ಯಾಂಡೇಜಿನೊಳಗೆ ಬರುತ್ತದೆ

ಅಮ್ಮ,

ಮೊನ್ನೆ ಗುರುವಾರ ಮಧ್ಯಾಹ್ನ ಎರಡೂವರೆಗೆ ಹತ್ತಿ ಬಿಚ್ಚುವ ಕೋಣೆಯಲ್ಲಿ ಕಿಡಿ ಹಾರಿತು. ಹತ್ತಿ ಉರಿಯಲಿಲ್ಲ, ಹೊಗೆಯಾಡಿತು. ಉರಿದಿದ್ದರೆ ಈ ಪತ್ರ ಇರುತ್ತಿರಲಿಲ್ಲ. ಒಳಗೆ ನಾವು ಅರವತ್ತು ಜನ. ಮುಂಬಾಗಿಲಿಗೆ ಹೋಗಬೇಕಾದರೆ ಆ ಹೊಗೆಯನ್ನೇ ದಾಟಬೇಕು. ಎಲ್ಲರೂ ಹಿಂಬಾಗಿಲಿಗೆ ಓಡಿದೆವು. ಎಲ್ಲರಿಗಿಂತ ಮುಂದೆ ನಾನಿದ್ದೆ.

ನಿಂತೆ, ಅಮ್ಮ. ಅಷ್ಟು ಜನ ಹಿಂದಿನಿಂದ ತಳ್ಳುತ್ತಿರುವಾಗ ನಾನು ಆ ಬಳ್ಳಿಯ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಿಂತೆ. ಮುಟ್ಟಬೇಡ ಎಂದಿದ್ದೆ ನೀನು. ಎಷ್ಟು ಹೊತ್ತು ನಿಂತೆನೋ. ರೇಡಿಯೋ ಬೆನ್ನಿಗೆ ಗುದ್ದಿ, "ಸಾಯೋಕಿಂತ ತುರಿಸ್ಕೊಳ್ಳೋದು ವಾಸಿ, ಎಳಿಯೇ" ಎಂದಳು. ಎಳೆದೆ. ಎರಡೂ ಕೈಯಲ್ಲಿ ಎಳೆದೆ. ಬಳ್ಳಿ ಹೆಬ್ಬೆರಳಿಗಿಂತ ದಪ್ಪ, ಗಟ್ಟಿ ಮರ. ಚಿಲಕದ ಕಬ್ಬಿಣವನ್ನು ಅದು ನುಂಗಿಕೊಂಡು ಬೆಳೆದಿದೆ. ಒಣಕಾಯಿಗಳು ನನ್ನ ಅಂಗೈಯಲ್ಲಿ ಪುಡಿಯಾದವು. ಬಾಗಿಲು ಒಂದು ಕೂದಲಿನಷ್ಟೂ ಅಲುಗಲಿಲ್ಲ.

ಆಮೇಲೆ ಯಾರೋ ನೀರು ಸುರಿದು ಹೊಗೆ ತಗ್ಗಿಸಿದರು, ಮುಂಬಾಗಿಲಿನಿಂದ ತೆವಳಿ ಹೊರಬಿದ್ದೆವು. ಕಾದ ಯಂತ್ರಕ್ಕೆ ಆತು ರೇಡಿಯೋ ಮೊಣಕೈವರೆಗೆ ಸುಟ್ಟುಕೊಂಡಿದ್ದಾಳೆ. ಅವಳನ್ನು ಮನೆಗೆ ಕಳಿಸುತ್ತಿದ್ದಾರೆ. ಕೈ ಸುಟ್ಟರೆ ಗೇಟು ತೆರೆಯುತ್ತದೆ ಎಂದು ಈಗ ಗೊತ್ತಾಯಿತು.

ಮ್ಯಾನೇಜರ್ ಸಂಜೆ ನಮ್ಮನ್ನು ಸಾಲಾಗಿ ನಿಲ್ಲಿಸಿದರು. "ಹಿಂದಿನ ಬಾಗಿಲು ಪ್ರತಿ ಶನಿವಾರ ತೆಗೆದು ನೋಡ್ತೀವಿ. ರಿಜಿಸ್ಟರಲ್ಲಿ ಸಹಿ ಇದೆ. ಗಾಬರೀಲಿ ನಿಮಗೆ ತೆಗೆಯೋಕೆ ಬರಲಿಲ್ಲ, ಅಷ್ಟೇ." ಸಹಿ ವಾರ್ಡನ್ನರದು. ಅವರು ನೆಲ ನೋಡುತ್ತಿದ್ದರು.

ಇನ್ನೊಂದು ಮಾತಿಗೋಸ್ಕರ ಇಷ್ಟೆಲ್ಲ ಬರೆದೆ. ನನ್ನ ಕೈ ತುರಿಸಲಿಲ್ಲ. ಆ ರೋಮ ಅಂಗೈಗೆ, ಕತ್ತಿಗೆ, ಬಾಯಿಗೆಲ್ಲ ಮೆತ್ತಿಕೊಂಡಿತ್ತು. ರಾತ್ರಿಯಿಡೀ ಕಾದೆ. ಏನೂ ಆಗಲಿಲ್ಲ.

ಅದು ನಸುಗುನ್ನಿಯಲ್ಲ. ನೀನು ತಪ್ಪು ಹೇಳಿದೆ.

ಮೊಂಡಿ

•

ನವೆಂಬರ್ ೨೫
ಸಸ್ಯಭಂಡಾರ

ಮೊಂಡಿಗೆ,

ವಾರ್ಡನ್ ಅವರೇ, ಇದನ್ನು ನೀವು ಮೊದಲು ಓದುತ್ತೀರಿ ಎಂದು ಗೊತ್ತು. ಓದಿ. ನಿಮಗೂ ಸೇರಿಸಿಯೇ ಬರೆಯುತ್ತಿದ್ದೇನೆ. ಆ ಬಾಗಿಲಿನ ಒಳಗೆ ಮಲಗುವವರು ನೀವೂ ಹೌದು.

ರೇಡಿಯೋ ಬಂದಿದ್ದಳು. ಪತ್ರ ತಲುಪಿತು.

ತಪ್ಪು ಹೇಳಿದೆ, ಮಗಳೇ. ನೀನು ಎಲ್ಲವನ್ನೂ ಬರೆದಿದ್ದೆ. ಹಸಿರೆಲೆ ನಡುವೆ ಹಳೇ ಒಣಕಾಯಿ ಎಂದು ಬರೆದಿದ್ದೆ. ನಸುಗುನ್ನಿ ಕಾಯಿ ಬಿಟ್ಟು ಸಾಯುತ್ತದೆ. ಹೋದ ವರ್ಷದ ಕಾಯಿ ಹೊತ್ತು ಈ ವರ್ಷ ಚಿಗುರಲು ಅದಕ್ಕೆ ಇನ್ನೊಂದು ಜನ್ಮ ಬೇಕು. ಚಪ್ಪಟೆ ಕಾಯಿ, ನಡುವೆ ಚಿವುಟಿದ ಹಾಗೆ ಎಂದೂ ಬರೆದಿದ್ದೆ. ನಸುಗುನ್ನಿಯ ಕಾಯಿ ಕಂಬಳಿಹುಳದ ಹಾಗೆ ದಪ್ಪಗೆ, ಕೊಕ್ಕೆಯಾಗಿ ಬಾಗಿರುತ್ತದೆ. ಇಪ್ಪತ್ತಾರು ವರ್ಷ ಹೊಲಿದವಳಿಗೆ ಇದು ಕಾಣಲಿಲ್ಲವೆಂದರೆ ನಂಬುತ್ತೀಯಾ? ನಾನು ಎಲೆ ನೋಡಲಿಲ್ಲ. ಬೆಂಕಿ ಬಾಗಿಲು, ಹತ್ತಿ ಕೋಣೆ ಎಂಬ ಎರಡು ಮಾತು ಓದಿದೆ. ನೀನು ಅಲ್ಲಿ ಸುಳಿಯುವುದು ನನಗೆ ಬೇಡವಾಗಿತ್ತು. ಭಯ ಹುಟ್ಟಿಸುವ ಹೆಸರು ಒಂದು ನಾಲಿಗೆ ತುದಿಯಲ್ಲಿತ್ತು, ಬರೆದುಬಿಟ್ಟೆ. ನಿನ್ನನ್ನು ಕಾಯಲು ಹೋಗಿ ಬಾಗಿಲ ಮುಂದೆ ಕೈಕಟ್ಟಿ ನಿಲ್ಲಿಸಿದೆ.

ನನ್ನ ಲೆಕ್ಕಕ್ಕೆ ಅದು ನೆಲಗುಂಬಳ. ಬುಡದಲ್ಲಿ ಕುಂಬಳದಷ್ಟು ಗೆಡ್ಡೆ, ವರ್ಷವರ್ಷ ದಪ್ಪವಾಗುವ ಕಾಂಡ. ಚಿಲಕ ನುಂಗಿದ ಬಳ್ಳಿ ಒಂದು ಹಂಗಾಮಿನದಲ್ಲ, ಹಲವು ವರ್ಷದ್ದು. ಅಷ್ಟು ವರ್ಷ ಆ ಬಾಗಿಲು ತೆರೆದಿಲ್ಲ. ರಿಜಿಸ್ಟರಿನಲ್ಲಿ ಶನಿವಾರ ಏನೇ ಇರಲಿ, ಬಳ್ಳಿಯದು ಬೇರೆ ರಿಜಿಸ್ಟರು.

ಈ ಸಲ ಹೂವಿಲ್ಲದೆ ಹೆಸರು ಹೇಳಲಾರೆ. ಕಾಯಬೇಕು. ಚಳಿ ಕಳೆಯುತ್ತಿದ್ದಂತೆ ಎಲೆಯೆಲ್ಲ ಉದುರಿ ಬಳ್ಳಿ ಸತ್ತ ಹಗ್ಗದ ಹಾಗೆ ಕಾಣುತ್ತದೆ. ಸತ್ತಿರುವುದಿಲ್ಲ. ಫೆಬ್ರವರಿ ಕೊನೆ, ಮಾರ್ಚ್ ಹೊತ್ತಿಗೆ ಎಲೆಯಿಲ್ಲದ ಬರೀ ಕಾಂಡದಿಂದ ಗೊಂಚಲು ಬರುತ್ತದೆ. ನೀಲಿಯೂ ಅಲ್ಲದ ನೇರಳೆಯೂ ಅಲ್ಲದ ಬಣ್ಣ. ಬಾವುಟ, ರೆಕ್ಕೆ, ದೋಣಿ. ನಸುಗುನ್ನಿಯಾದರೆ ಅಷ್ಟರಲ್ಲಿ ಒಣಗಿ ಮಣ್ಣಾಗಿರುತ್ತದೆ. ಗೊಂಚಲನ್ನು ಹಳೇ ಕಾಂಡದ ತುಂಡಿನ ಸಮೇತ ಕೀಳು. ಕಾಂಡವಿಲ್ಲದ ಹೂವನ್ನು ಯಾರೂ ನಂಬುವುದಿಲ್ಲ. ಚೀಟಿ ಬರೆ. ಕಾರ್ಖಾನೆ ಇನ್ಸ್‌ಪೆಕ್ಟರಿಗೆ ನಾನು ಅರ್ಜಿ ಕೊಡುತ್ತಿದ್ದೇನೆ.

ಇನ್ನು ನಿನ್ನ ಪಟ್ಟಿಯ ಕೊನೆಯ ಸಾಲು. ನಿನ್ನನ್ನು ಅಲ್ಲಿಗೆ ಕಳಿಸಿದ ತಿಂಗಳೇ ಗಾಜಿನ ಮನೆ ಹಿಂದಿದ್ದ ನಮ್ಮ ಕೋಣೆಯನ್ನು ಕಾಲೇಜಿನವರು ಕೆಡವಿದರು. ದಿನಗೂಲಿಗೆ ವಸತಿ ಕೊಡುವ ನಿಯಮವಿಲ್ಲವಂತೆ. ಬೆಳೆದ ಮಗಳನ್ನು ಎಲ್ಲಿ ಮಲಗಿಸಲಿ? ಅದಕ್ಕೇ ಆ ಕರಾರಿಗೆ ಸಹಿ ಹಾಕಿದೆ. ಅಂದಿನಿಂದ ಗಿಡ ಒಣಗಿಸುವ ಕೋಣೆಯಲ್ಲಿ, ಒತ್ತುಹಲಗೆಗಳ ನಡುವೆ, ಯಾರಿಗೂ ಕಾಣದಂತೆ ಮಲಗುತ್ತೇನೆ. ಶನಿವಾರ ಸಂಜೆ ಐದಕ್ಕೆ ಕಾವಲುಗಾರ ಹೊರಗಿನಿಂದ ಬೀಗ ಹಾಕುತ್ತಾನೆ, ಸೋಮವಾರ ಎಂಟಕ್ಕೆ ತೆಗೆಯುತ್ತಾನೆ. ಒಳಗೆ ನಾನಿರುವುದು ಅವನಿಗೆ ಗೊತ್ತಿಲ್ಲ. ಶನಿವಾರ ಹೊರಗೆ ಉಳಿದು ನಿಮ್ಮೂರಿಗೆ ಬಂದರೆ ಸೋಮವಾರದ ಕೆಲಸಕ್ಕೆ ಮರಳಲಾಗದು, ಹುಡುಕಿ ಬಂದವರಿಗೆ ನನ್ನ ಹಾಸಿಗೆ ಸಿಕ್ಕಿ ಇರುವ ಮೂಲೆಯೂ ಹೋಗುತ್ತದೆ. ಭಾನುವಾರಗಳಲ್ಲಿ ನಾನು ಎಲ್ಲಿದ್ದೆ ಎಂದರೆ, ಬೀಗದೊಳಗೆ. ನಿನ್ನ ಹಾಗೆ.

ಇದನ್ನು ಹೇಳಲು ನಾಚಿಕೆಯಾಗಿತ್ತು.

ಅಮ್ಮ

•

ಜನವರಿ ೧೦
ಕಾರ್ಖಾನೆ ಇನ್ಸ್‌ಪೆಕ್ಟರ್ ಕಚೇರಿ

ಅರ್ಜಿದಾರರಿಗೆ,

ಡಿಸೆಂಬರ್ ೨ರ ನಿಮ್ಮ ಅರ್ಜಿಯನ್ನು ಪರಿಶೀಲಿಸಲಾಗಿದೆ. ಹಿಂಬಾಗಿಲನ್ನು ಪ್ರತಿ ಶನಿವಾರ ತೆರೆದು ಪರೀಕ್ಷಿಸಿರುವ ಬಗ್ಗೆ ಸಂಸ್ಥೆಯು ಸಹಿಯುಳ್ಳ ರಿಜಿಸ್ಟರಿನ ಪ್ರತಿಯನ್ನು ಸಲ್ಲಿಸಿರುತ್ತದೆ. ಬಾಗಿಲ ಮೇಲಿನ ಬಳ್ಳಿಯು ಹದಿನೈದು ದಿನಗಳಲ್ಲಿ ಹಬ್ಬುವ, ಒಂದೇ ಹಂಗಾಮಿನ ತುರಿಕೆ ಬಳ್ಳಿಯೆಂದೂ, ಅದರಿಂದ ಕಾರ್ಮಿಕರಿಗೆ ತೊಂದರೆಯಾಗದಿರಲೆಂದು ತಾತ್ಕಾಲಿಕವಾಗಿ ಬಾಗಿಲನ್ನು ಬಳಸಿಲ್ಲವೆಂದೂ ತಿಳಿಸಿರುತ್ತದೆ. ಪುರಾವೆಯಾಗಿ ಸೆಪ್ಟೆಂಬರ್ ೯ರ ಪತ್ರವೊಂದರ ಪ್ರತಿಯನ್ನು ಲಗತ್ತಿಸಿದ್ದು, ಸದರಿ ಪತ್ರವು ತಮ್ಮದೇ ಕೈಬರಹದಲ್ಲಿದೆ.

ತಮ್ಮ ಹಿಂದಿನ ಹೇಳಿಕೆಗೆ ವಿರುದ್ಧವಾದ ಇಂದಿನ ಹೇಳಿಕೆಯನ್ನು ಬರೀ ಮಾತಿನ ಮೇಲೆ ಒಪ್ಪಲಾಗದು. ಹೂವಿನ ಸಮೇತ ಮಾದರಿಯನ್ನು ಹಾಜರುಪಡಿಸಿದಲ್ಲಿ ಸ್ಥಳ ಪರಿಶೀಲನೆಯನ್ನು ಪರಿಗಣಿಸಲಾಗುವುದು.

ಇನ್ಸ್‌ಪೆಕ್ಟರ್

•

ಜನವರಿ ೨೬, ಭಾನುವಾರ
ಹಾಸ್ಟೆಲ್

ಅಮ್ಮನಿಗೆ,

ನವೆಂಬರಿನಿಂದ ನಿನ್ನ ಒಂದು ಅಕ್ಷರವಿಲ್ಲ. ರೇಡಿಯೋ ಪತ್ರ ಕೊಟ್ಟಳೋ ಇಲ್ಲವೋ ಗೊತ್ತಿಲ್ಲ. ಕೊಟ್ಟಿದ್ದರೆ, ನೀನು ಉತ್ತರಿಸಲಿಲ್ಲವೆಂದು ಅರ್ಥ.

ಆದರೆ ನಿನ್ನ ಅಕ್ಷರ ದಿನಾ ನೋಡುತ್ತೇನೆ. ಸೆಪ್ಟೆಂಬರಿನ ನಿನ್ನ ಪತ್ರವನ್ನು ದೊಡ್ಡದಾಗಿ ಪ್ರತಿ ಮಾಡಿಸಿ ನೋಟೀಸ್ ಬೋರ್ಡಿಗೆ ಹಾಕಿದ್ದಾರೆ. ಮೇಲೆ ಕೆಂಪಕ್ಷರ: ತುರಿಕೆ ಬಳ್ಳಿ, ಹತ್ತಿರ ಹೋಗಬಾರದು. ಕೆಳಗೆ ನಿನ್ನ ಕೈಬರಹ: ಮುಟ್ಟಬೇಡ, ಬೇರೆಯವರಿಗೂ ಹೇಳು. ಶಿಫ್ಟಿಗೆ ಹೋಗುವಾಗ ಒಮ್ಮೆ ಓದುತ್ತೇನೆ, ಬರುವಾಗ ಒಮ್ಮೆ. ಈ ಗೋಡೆ, ಈ ಗೇಟು, ಈ ಮೊಳೆ ಹೊಡೆದ ಕಿಟಕಿ, ಸಾಲದ್ದಕ್ಕೆ ಹೆತ್ತವಳ ಕೈಬರಹ. ಬೇಲಿಗೆ ಇನ್ನೊಂದು ಕಂಬಿ.

ಬಳ್ಳಿಯ ಎಲೆ ಉದುರಿತು. ಮ್ಯಾನೇಜರ್ ಬೆರಳು ತೋರಿಸಿ ನಗುತ್ತಾರೆ. "ನೋಡಿದ್ಯಾ, ನಿಮ್ಮಮ್ಮ ಹೇಳಿದ್ದು ಸರಿ. ಸತ್ತೋಯ್ತು. ಬುದ್ಧಿವಂತೆ ಕಣಮ್ಮ ನಿಮ್ಮಮ್ಮ." ಈಗ ನನ್ನನ್ನು ಮೇಲಿನ ಮಹಡಿಗೆ ಹಾಕಿದ್ದಾರೆ. ಹಿಂಬಾಗಿಲ ಕಡೆ, ಚರಂಡಿ ಕಡೆ, ಮಣ್ಣಿರುವ ಯಾವ ಕಡೆಗೂ ಬಿಡುವುದಿಲ್ಲ. ಹಾಸಿಗೆ ಕೆಳಗಿನ ಗಿಡಗಳು ಇವೆ. ಯಾರಿಗೆ ಕಳಿಸಲಿ?

ಹೊಸದಾಗಿ ಬಂದ ಹುಡುಗಿಯರಿಗೆ ಬಾವುಟ, ರೆಕ್ಕೆ, ದೋಣಿ ಹೇಳಿಕೊಟ್ಟೆ. "ಅಕ್ಕಾ, ಇದೆಲ್ಲ ಕಲಿತು ಏನು ಮಾಡೋದು?" ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಮೊಂಡಿ

•

ಮಾರ್ಚ್ ೯, ಭಾನುವಾರ
ಹಾಸ್ಟೆಲ್ ಕಚೇರಿ

ಮೊಂಡಿಯ ತಾಯಿಯವರಿಗೆ,

ನಾನು ವಾರ್ಡನ್. ಹನ್ನೊಂದು ವರ್ಷದಿಂದ ಬೇರೆಯವರ ಪತ್ರ ಓದಿದ್ದೇನೆ. ಬರೆಯುವ ಅಭ್ಯಾಸ ತಪ್ಪಿದೆ.

ನಿಮ್ಮ ನವೆಂಬರಿನ ಪತ್ರವನ್ನು ನಾನು ಅವಳಿಗೆ ಕೊಡಲಿಲ್ಲ. ಅವಳ ಜನವರಿಯ ಪತ್ರವನ್ನು ಅಂಚೆಗೂ ಹಾಕಲಿಲ್ಲ, ಅದನ್ನೂ ಇದರ ಜೊತೆ ಇಟ್ಟಿದ್ದೇನೆ. ಅದಕ್ಕೂ ಮೊದಲು, ಸೆಪ್ಟೆಂಬರಿನದನ್ನು ಮ್ಯಾನೇಜರಿಗೆ ತೋರಿಸಿದವಳೂ ನಾನೇ. ಒಳ್ಳೆ ಹೆಸರು ಬರಲಿ ಎಂದು ತೋರಿಸಿದೆ. ಬಂತು. ನವೆಂಬರಿನದನ್ನು ಮಾತ್ರ ತೋರಿಸಲೂ ಇಲ್ಲ, ಹರಿಯಲೂ ಇಲ್ಲ. ದಿಂಬಿನ ಕೆಳಗೆ ಇಟ್ಟುಕೊಂಡು ಎಷ್ಟು ಸಲ ಓದಿದೆನೋ. ವಾರ್ಡನ್ ಅವರೇ ಎಂದು ನನ್ನನ್ನು ಕರೆದು ಬರೆದ ಮೊದಲ ಪತ್ರ ಅದು.

ಪ್ರತಿ ಶನಿವಾರ "ತೆರೆದು ನೋಡಲಾಯಿತು" ಎಂದು ಸಹಿ ಹಾಕುವವಳು ನಾನು. ಆ ಬಾಗಿಲನ್ನು ನಾನು ಒಂದು ಸಲವೂ ತೆರೆದಿಲ್ಲ. ಅದರ ಬೀಗದ ಕೈಯನ್ನು ನನಗೆ ಕೊಟ್ಟೇ ಇಲ್ಲ. ಕೇಳಿದ್ದಕ್ಕೆ, "ಸಹಿಗೆ ಕೀ ಯಾಕ್ರೀ, ಪೆನ್ ಸಾಕಲ್ಲ" ಎಂದರು. ಅದಕ್ಕೆ ಅತಿ ಹತ್ತಿರದ ಕೋಣೆ ನನ್ನದೇ. ಹೊಗೆಯಾದ ದಿನ ಮುಂಬಾಗಿಲಲ್ಲಿ ನಿಂತು ನಿಮ್ಮ ಮಗಳು ಒಳಗಿಂದ ಬರುತ್ತಾಳೋ ಇಲ್ಲವೋ ಎಂದು ತಲೆ ಎಣಿಸಿದ್ದೇನೆ. ಐವತ್ತೊಂಬತ್ತು ಜನ ಬಂದರು. ಅರವತ್ತನೆಯವಳಾಗಿ, ಕೈತುಂಬ ಒಣಕಾಯಿ ಪುಡಿ ಹಿಡಿದುಕೊಂಡು ಅವಳು ಬಂದಳು.

ನೀವು ಬರೆದ ಹಾಗೆ ದಿನಾ ಹೋಗಿ ನೋಡಿದೆ. ಜನವರಿಯಲ್ಲಿ ಎಲೆ ಉದುರಿತು. ಫೆಬ್ರವರಿಯಲ್ಲಿ ಸತ್ತ ಹಗ್ಗ. ನೀವು ಎರಡನೇ ಸಲವೂ ತಪ್ಪು ಹೇಳಿದಿರಿ ಎಂದುಕೊಂಡೆ. ನಿಜ ಹೇಳುತ್ತೇನೆ, ಸಮಾಧಾನವೂ ಆಯಿತು. ಇನ್ನು ನಾನೇನೂ ಮಾಡಬೇಕಾಗಿಲ್ಲ ಎಂದು. ಮೊನ್ನೆ ಬೆಳಿಗ್ಗೆ ಬರೀ ಕಾಂಡದ ಮೇಲೆ ಮೊಗ್ಗು ಕಂಡಿತು. ಇವತ್ತು ಬಿರಿದಿದೆ.

ಮ್ಯಾನೇಜರ್ ಕಣ್ಣಿಗೂ ಬಿತ್ತು. "ಆ ಕಸ ಕಡಿಸಿ ಬಾಗಿಲಿಗೆ ಬಣ್ಣ ಹೊಡೆಸ್ರೀ" ಎಂದರು. "ಕೂಲಿಯವರು ಮುಟ್ಟಲ್ಲ ಅಂತಾರೆ ಸರ್" ಎಂದೆ. "ತುರಿಕೆ ಬಳ್ಳಿ ಅಂತ ನಾವೇ ನೋಟೀಸ್ ಹಾಕಿದೀವಲ್ಲ." ಅವರು ಬೋರ್ಡಿನ ಕಡೆ ನೋಡಿದರು, ನನ್ನ ಕಡೆ ನೋಡಿದರು, ಹೋದರು. ಅವರೂ ಮುಟ್ಟಲಿಲ್ಲ. ನಿಮ್ಮ ತಪ್ಪು ಸದ್ಯಕ್ಕೆ ಬಳ್ಳಿಯನ್ನು ಕಾಯುತ್ತಿದೆ.

ಗೊಂಚಲು ಇದರ ಜೊತೆಗಿದೆ. ಚೀಟಿಯನ್ನು ನಿಮ್ಮ ಮಗಳಿಗೆ ನೀವು ಕಲಿಸಿದ ಹಾಗೆ ಬರೆದಿದ್ದೇನೆ:

ಗಿರಣಿಯ ಹಿಂಬಾಗಿಲು. ಮಾರ್ಚ್ ೯, ಬೆಳಿಗ್ಗೆ ಆರೂ ಕಾಲು. ಎಲೆಯಿಲ್ಲ. ಹೂವು ನೀಲಿ ನೇರಳೆ. ಬಾವುಟ ಒಂದು, ರೆಕ್ಕೆ ಎರಡು, ದೋಣಿ ಒಂದು. ಕಾಂಡ ಗಟ್ಟಿ ಮರ, ದಪ್ಪ ನನ್ನ ಎರಡು ಬೆರಳು. ಚಿಲಕದ ಕಬ್ಬಿಣ ಕಾಂಡದೊಳಗೆ ಹೂತಿದೆ, ತುಕ್ಕು ತೊಗಟೆಗೆ ಹತ್ತಿದೆ. ಬಾಗಿಲು ತೆರೆಯುವುದಿಲ್ಲ. ಕಿತ್ತವರು: ಶನಿವಾರದ ರಿಜಿಸ್ಟರಿಗೆ ಸಹಿ ಹಾಕುವ ವಾರ್ಡನ್, ಸ್ವಂತ ಕೈಯಿಂದ.

ನವೆಂಬರಿನ ಪತ್ರವನ್ನು ಇವತ್ತು ಮಧ್ಯಾಹ್ನ ಅವಳಿಗೆ ಕೊಟ್ಟೆ. ಓದಿ ಗೋಡೆಗೆ ತಿರುಗಿ ಮಲಗಿದಳು. ಸಂಜೆ ಎದ್ದು ಬಂದು ಒಂದೇ ಮಾತು ಕೇಳಿದಳು: "ಕಾಂಡದ ಸಮೇತ ಕಿತ್ತಿರಾ?"

ವಾರ್ಡನ್

•

ಮಾರ್ಚ್ ೧೭
ಸಸ್ಯಭಂಡಾರ

ಮೊಂಡಿಗೆ, ಮತ್ತು ಓದುತ್ತಿರುವ ವಾರ್ಡನ್ನರಿಗೆ,

ನೆಲಗುಂಬಳ. ಈ ಸಲ ಹೂವು ನೋಡಿ ಹೇಳುತ್ತಿದ್ದೇನೆ. ಬಾವುಟ ಬಿಡಿಸಿ ನೋಡಿದೆ, ದೋಣಿ ಸೀಳಿ ನೋಡಿದೆ, ಭಂಡಾರದ ಏಳು ಹಾಳೆಗಳ ಪಕ್ಕ ಇಟ್ಟು ನೋಡಿದೆ. ಒತ್ತಿ, ಒಣಗಿಸಿ, ಹಾಳೆಗೆ ಹೊಲಿದೆ. ಕಾಂಡ ದಪ್ಪವಿತ್ತು, ಎರಡೆಳೆ ದಾರ ಬೇಕಾಯಿತು. ನೀನು ನೂಲುವಂಥದೇ ದಾರ.

ನಿನ್ನೆ ಭಾನುವಾರವೆಲ್ಲ ಅದರ ಮುಂದೆ ಕೂತಿದ್ದೆ, ಬೀಗದೊಳಗೆ. ಇವತ್ತು ಎಂಟಕ್ಕೆ ಬಾಗಿಲು ತೆಗೆದ ಕೂಡಲೇ ಇನ್ಸ್‌ಪೆಕ್ಟರ್ ಕಚೇರಿಗೆ ನಡೆದೆ. ಮೇಜಿನ ಮೇಲೆ ಹಾಳೆ ಬಿಚ್ಚಿದೆ. ಅವರು ತಿರುಗಿಸಿ ತಿರುಗಿಸಿ ನೋಡಿದರು.

"ನೀವು ಪ್ರೊಫೆಸರಾ?"

"ದಿನಗೂಲಿ."

"ಮತ್ತೆ ನಿಮ್ಮ ಮಾತು ಹೇಗೆ ನಂಬೋದು? ಹೋದ ಸಲ ನೀವೇ ಬೇರೆ ಹೆಸರು ಬರೆದಿದ್ರಿ."

"ನನ್ನ ಮಾತು ನಂಬಬೇಡಿ. ಚೀಟಿ ಓದಿ."

ಓದಿದರು. ಕಿತ್ತವರು ಎಂಬ ಸಾಲಿಗೆ ಬಂದಾಗ ಕನ್ನಡಕ ತೆಗೆದರು. ರಿಜಿಸ್ಟರಿನ ಪ್ರತಿ ತರಿಸಿ ಎರಡೂ ಸಹಿಗಳನ್ನು ಪಕ್ಕಪಕ್ಕ ಇಟ್ಟರು. "ಈಯಮ್ಮನ ಕೆಲಸ ಹೋಗುತ್ತೆ" ಎಂದರು. ಗೊತ್ತಿದ್ದೇ ಬರೆದಿದ್ದಾರೆ ಎಂದೆ. ಆಮೇಲೆ ಬಾಗಿಲು ನೋಡಲು ತಾವೇ ಬರುವ ದಿನ ಗೊತ್ತು ಮಾಡಿದರು. ಗಿರಣಿಗೂ ತಿಳಿಸುತ್ತಾರಂತೆ, ನಿಯಮವಂತೆ. ಆದ್ದರಿಂದ ವಾರ್ಡನ್ ಅವರೇ, ಇನ್ನೊಂದು ವಾರ ಆ ನೋಟೀಸನ್ನು ಯಾರೂ ಕೀಳದ ಹಾಗೆ ನೋಡಿಕೊಳ್ಳಿ. ನನ್ನ ತಪ್ಪು ಇನ್ನೊಂದು ವಾರ ದುಡಿಯಲಿ.

ಮೊಂಡಿ, ನನ್ನ ಪತ್ರಕ್ಕೆ ನೀನು ಉತ್ತರ ಬರೆದಿಲ್ಲ. ಬರೆಯಬೇಕೆಂದಿಲ್ಲ. ಕರಾರಿನಲ್ಲಿ ಇನ್ನೂ ಹದಿನೈದು ತಿಂಗಳಿವೆ, ಅದನ್ನು ಹರಿಯುವ ದಾರಿ ನನಗಿನ್ನೂ ಗೊತ್ತಿಲ್ಲ. ಬಾಗಿಲು ತೆರೆದರೆ ನೀನು ಬಿಡುಗಡೆಯಾದೆ ಎಂದು ನಾನು ಹೇಳಲಾರೆ. ಸುಳ್ಳು ಮಾತು ಕೊಟ್ಟದ್ದು ಒಂದು ಪಟ್ಟಿಯಾಗುವಷ್ಟಿದೆ. ಇನ್ನು ಒಂದೊಂದಾಗಿ, ಚೀಟಿ ಬರೆದು ಕೊಡುತ್ತೇನೆ. ಇದು ಮೊದಲನೆಯದು.

ನಿಮ್ಮೂರಿಗೆ ಒಂದೂವರೆ ದಿನದ ದಾರಿ. ಈ ಶನಿವಾರ ಸಂಜೆ ಐದಕ್ಕೆ ಬೀಗ ಬೀಳುವ ಮೊದಲು ನಾನು ಹೊರಗಿರುತ್ತೇನೆ. ನನ್ನ ಗಂಟು ಚಿಕ್ಕದು: ಎರಡು ಬಟ್ಟೆ, ಸೂಜಿ, ದಾರದ ಉಂಡೆ. ಹಾಳೆ ಇನ್ಸ್‌ಪೆಕ್ಟರ್ ಹತ್ತಿರವಿದೆ. ಒಣಗಿಸುವ ಕೋಣೆಗೆ ಮತ್ತೆ ಹೋಗುವ ಹಾಗಿಲ್ಲ.

ಬಂದ ಮೇಲೆ ಮುಂಬಾಗಿಲಿಗೆ ಬರುವುದಿಲ್ಲ. ಆ ಇಪ್ಪತ್ತೆರಡು ಕಂಬಿ ನೀನು ಎಣಿಸಿಯಾಗಿದೆ. ಗಿರಣಿಯ ಹಿಂದಿನ ಬೀದಿಯಲ್ಲಿ, ಹಿಂಬಾಗಿಲ ಹೊರಮಗ್ಗುಲಲ್ಲಿ ನಿಂತಿರುತ್ತೇನೆ. ನೀನು ಒಳಗಡೆ ಬಂದು ನಿಲ್ಲು. ಯಾರು ತಡೆದರೂ ನಿಲ್ಲು, ಮೊಂಡಿ ಎಂದು ಸುಮ್ಮನೆ ಕರೆಯಲಿಲ್ಲ ನಿನ್ನನ್ನು. ಮೂರು ಸಲ ತಟ್ಟುತ್ತೇನೆ. ಬಳ್ಳಿ ಕಡಿಯುವಾಗ ಬುಡ ಬಿಟ್ಟು ಕಡಿಯಲು ಹೇಳು. ಗೆಡ್ಡೆ ಇರಲಿ, ಅದರ ತಪ್ಪೇನಿಲ್ಲ.

ಸೋಮವಾರ, ಮಾರ್ಚ್ ೨೪, ಬೆಳಿಗ್ಗೆ ಹನ್ನೊಂದು ಗಂಟೆ.

ಅಮ್ಮ